ತೂಕದ ಪುಸ್ತಕ

ಸಂಜೆ ಐದೂವರೆಗೆ ನನ್ನ ತಕ್ಕಡಿಯ ಮುಂದೆ ಸಾಲು.
ಭಾಗ್ಯನಗರದ ಈ ತಗಡಿನ ಶೆಡ್ಡಿಗೆ
ಊರೂರ ಬಾಚಣಿಕೆಯ ಸಿಕ್ಕು ಬರುತ್ತದೆ ಗೋಣಿಚೀಲದಲ್ಲಿ,
ಪಿನ್ನಿಗೋ ಸ್ಟೀಲಿನ ಲೋಟಕ್ಕೋ
ಯಾರೋ ಕೊಟ್ಟುಬಿಟ್ಟ ಕೂದಲು.
ಸೂಜಿಯಿಂದ ಒಂದೊಂದೇ ಎಳೆ ಬಿಡಿಸಿ
ಎಂಟಿಂಚು, ಹನ್ನೆರಡು, ಹದಿನಾರೆಂದು ಕಟ್ಟು ಕಟ್ಟಿ
ತಂದಿಡುತ್ತಾರೆ. ನಾನು ಗ್ರಾಂ ಬರೆಯುತ್ತೇನೆ.
ಹೆಸರಲ್ಲ, ನಂಬರು.
ಹೆಸರು ಬರೆದರೆ ಗೆರೆ ಸಾಲದು.

ಹೋದ ತಿಂಗಳು ಸಾಹುಕಾರರು
ಹುಬ್ಬಳ್ಳಿಯಿಂದ ಒಬ್ಬರನ್ನು ಕರೆಸಿದರು.
ದುಡಿಯುವ ಹುಮ್ಮಸ್ಸು ಎಲ್ಲಿಂದ ಬರುತ್ತದೆ, ಅದು ವಿಷಯ.
ಬಿಳಿ ಬೋರ್ಡಿನ ಮೇಲೆ ಮುಕ್ಕೋಣ ಎಳೆದರು:
ಅಡಿಗೆ ಹಸಿವು, ಅದರ ಮೇಲೆ ಸೂರು,
ಆಮೇಲೆ ಮಂದಿ, ಆಮೇಲೆ ಮರ್ಯಾದೆ,
ತೀರಾ ತುದಿಗೆ, ಜಾಗ ಸಾಲದೆ,
ಸಣ್ಣಕ್ಷರದಲ್ಲಿ: ತಾನು.
ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ
ಮೇಲಿನದಕ್ಕೆ ಕಾಲಿಡಲಾಗದು ಎಂದರು.

ಫಕೀರವ್ವ ಸೆರಗು ಬಾಯಿಗೊತ್ತಿ ನಕ್ಕಳು.
"ಸರ, ಅದು ಮಂಡಕ್ಕಿ ಪೊಟ್ಟಣ. ಬೋರಲ ಹಿಡದೀರಿ.
ಎಲ್ಲಾ ಚೆಲ್ಲಿಹೋಗತೈತಿ."
ಶೆಡ್ಡಿಗೆ ಶೆಡ್ಡೇ ನಕ್ಕಿತು.
ಅವರೂ ನಕ್ಕರು, ಪಾಪ, ತಡವಾಗಿ.
"ನೆಟ್ಟಗ ಹಿಡೀರಿ. ಖಾರ ತುದಿಗೆ ಇಳದಿರತೈತಿ.
ನನ್ನ ಮೊಮ್ಮಗಳು ಮೊದಲು ತುದಿ ಹರದು ನೆಕ್ಕತಾಳ,
ಹೊಟ್ಟಿ ಎಷ್ಟ ಹಸದಿದ್ರೂ."

ಅಂದಿನಿಂದ
ಗ್ರಾಮಿನ ಪಕ್ಕದ ಖಾಲಿ ಜಾಗ ನನ್ನನ್ನು ಕಾಡುತ್ತದೆ.
ಒಂಬತ್ತನೇ ನಂಬರು, ಇದೇ ಫಕೀರವ್ವ,
ಗ್ಯಾಸಿನ ಸಿಲಿಂಡರಿಗೆಂದು ಬಂದವಳು.
ಸಿಲಿಂಡರು ಬಂತು. ಮಿಕ್ಸರು ಬಂತು. ಈಗ ಬೆಂಡೋಲೆ.
"ಬೇಕು ಅನ್ನೂದು ಕೂದಲಿದ್ದಂಗ್ರಿ, ಕತ್ತರಿಸಿದಷ್ಟೂ..."
ಮಾತು ಮುಗಿಸದೆ ಕಟ್ಟನ್ನು ತಕ್ಕಡಿಗಿಟ್ಟಳು.

ಇಪ್ಪತ್ತೆರಡು, ಯಂಕವ್ವ.
ಮಗ ಗಿಣಗೇರಿಯ ಕಬ್ಬಿಣದ ಫ್ಯಾಕ್ಟರಿಯಲ್ಲಿ;
ಉಣ್ಣಲಿಕ್ಕೆ ಉಡಲಿಕ್ಕೆ ಕಡಿಮೆ ಇಲ್ಲ.
ಮೂರು ವರ್ಷವಾಯಿತು ಸೊಸೆ ಮಾತು ಬಿಟ್ಟು.
ಕಿವಿಯ ಹತ್ತಿರ ಬಂದು ಹೇಳಿದಳು:
"ಕೂಲಿ ಕೊಡದಿದ್ರೂ ಬರ್ತೀನಿ ತಮ್ಮಾ.
ಸಾವ್ಕಾರಗ ಮಾತ್ರ ಹೇಳಬ್ಯಾಡ."
ಅವಳ ಕಟ್ಟು ದಿನವೂ ಹಗುರ. ಬಾಯಿಗೆ ಬಿಡುವಿಲ್ಲ.

ಹದಿನಾಲ್ಕು, ರಾಜಾಬಿ.
ದೊಡ್ಡಾಸ್ಪತ್ರೆಯಲ್ಲಿ ಆರು ಸಲ ಸೂಜಿ ಚುಚ್ಚಿಸಿಕೊಂಡು
ಬದುಕಿ ಬಂದವಳು.
ಸೆರಗು ಹಣೆ ಬಿಟ್ಟು ಹಿಂದೆ ಸರಿಯುವುದಿಲ್ಲ.
ಎಂಟಿಂಚಿನದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ,
ಹದಿನಾರಿಂಚು ಸಿಕ್ಕರೆ ಬೆರಳು ನಿಧಾನ,
ಬೇಕೆಂದೇ ನಿಧಾನ.
ಕೂಲಿ ಹೋಗುತ್ತದೆ ಎಂದರೆ "ಹೋಗಲಿ ಬಿಡ್ರಿ" ಎಂದು
ಜಡೆ ಹೆಣೆಯುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹೆಣೆಯುತ್ತಾಳೆ.
ಇದು ಎಷ್ಟನೇ ಮೆಟ್ಟಿಲೆಂದು ಕೇಳೋಣವೆಂದರೆ
ಮುಕ್ಕೋಣದವರು ಆಗಲೇ ಬಸ್ಸು ಹತ್ತಿದ್ದರು.

ನನ್ನದು?
ಪುಸ್ತಕ ನನ್ನದು, ಪುಸ್ತಕದಲ್ಲಿ ನಾನಿಲ್ಲ.
ಬಂದದ್ದು ಮನೆಬಾಡಿಗೆಗೆ, ಅದು ನಿಜ.
ಜವಾಹರ ರಸ್ತೆಯ ಬಟ್ಟೆ ಅಂಗಡಿಯವರು
ಸಾವಿರ ಹೆಚ್ಚು ಕೊಡುತ್ತೇವೆಂದು ಕರೆದಾಗ ಯಾಕೆ ಹೋಗಲಿಲ್ಲ?
ನಾಲ್ಕು ಗ್ರಾಂ ಹೆಚ್ಚಿಗೆ ಬರೆಯಬಲ್ಲ ಕೈ ಇದು;
ಯಾರಿಗೆ, ಯಾವತ್ತು, ಅದು ನನಗಷ್ಟೇ ಗೊತ್ತು.
ದಯೆಯೋ ದೊಡ್ಡಸ್ತಿಕೆಯೋ,
ರಾತ್ರಿ ಎದ್ದು ನೀರು ಕುಡಿಯುವಾಗ ಕೇಳಿಕೊಳ್ಳುತ್ತೇನೆ.
ನೀರು ಮುಗಿಯುತ್ತದೆ. ಮಲಗುತ್ತೇನೆ.

ನಿನ್ನೆ ಹದಿನಾಲ್ಕರ ತೂಕ ನಲವತ್ತೊಂದು.
ನಲವತ್ತೊಂದೇ ಬರೆದೆ.
ನಂಬರಿನ ಮೇಲೆ ಗೀಟು ಹಾಕಿ
ರಾಜಾಬಿ ಮರ್ದಾನಸಾಬ ನದಾಫ ಎಂದು ತುಂಬ ಬರೆದೆ.
ಎರಡು ಗೆರೆ ಹಿಡಿಯಿತು.
ಪುಸ್ತಕ ತಿರುಗಿಸಿ ತೋರಿಸಿದೆ.
ಓದು ಬಾರದವಳು
ಸಿಕ್ಕು ಬಿಡಿಸುವ ಬೆರಳನ್ನೇ ಅಕ್ಷರಗಳ ಮೇಲೆ
ಈ ತುದಿಯಿಂದ ಆ ತುದಿಗೆ ಎಳೆದು, ನಿಂತು,
"ಇಷ್ಟುದ್ದ ಐತೇನ್ರಿ?" ಎಂದಳು.